ದೇವರಿಗೆ ಬೆನ್ನು ಮಾಡಿದವಳು

ದೀಪದತ್ತೆ ಎಂದೇ ಊರು ಕರೆಯುತ್ತಿದ್ದ ಅವಳು ನಡೆಯುತ್ತಿದ್ದುದೇ ಹಿಂದುಹಿಂದಕ್ಕೆ. ಗುಹೆಯೊಳಗಿನ ಸ್ವಾಮಿಯ ದರ್ಶನಕ್ಕೆ ಬಂದವರ ಕಡೆ ಮುಖಮಾಡಿ, ಅವರ ಕಾಲಿಗೆ ಬೆಳಕು ಬೀಳುವಷ್ಟು ಎಣ್ಣೆದೀಪವನ್ನು ತಗ್ಗಿಸಿ ಹಿಡಿದು, ತಾನು ಮಾತ್ರ ಬೆನ್ನ ಹಿಂದಿನ ಕತ್ತಲೆಗೆ ಹೆಜ್ಜೆ ಇಡುತ್ತ ಹೋಗುವುದು ಆ ಮನೆತನದ ಸೇವೆ. ಮಾವ ತೀರಿಕೊಂಡ ಮೇಲೆ ಅದು ಇವಳ ಪಾಲಿಗೆ ಬಂತು. ಜೊತೆಗೆ ಮಾವನ ಕರಿಯ ಕೋಟೂ ಬಂತು. ಗುಹೆಯ ಥಂಡಿಗೆ ಸೀರೆಯ ಮೇಲೆ ಅದನ್ನೇ ತೊಡುವಳು. ಎಣ್ಣೆ ಕುಡಿದು ಕುಡಿದು ಅದರ ತೋಳಿನ ಅಂಚು ತೊಗಲಿನಂತೆ ಗಡುಸಾಗಿತ್ತು. "ನಿಧಾನ, ನಿಧಾನ" ಎಂಬುದು ಅವಳ ನಾಲಗೆಗೆ ಅಂಟಿದ ಮಾತು. ಒಲೆಯ ಮೇಲೆ ಹಾಲು ಉಕ್ಕಿದರೆ ಹಾಲಿಗೂ ಅದನ್ನೇ ಹೇಳುವಳು.

ಬೀದಿಯಲ್ಲೂ ಮಾತಾಡುತ್ತ ಹಾಗೆಯೇ ಹಿಂದಕ್ಕೆ ನಡೆಯುವುದನ್ನು ಕಂಡು, ಗುಹೆಯ ಬಾಯಲ್ಲಿ ಹೂ ಕಟ್ಟುತ್ತ ಕೂರುವ ನಾವೆಲ್ಲ ನಗುತ್ತಿದ್ದೆವು. ಕಾಯಿ ಮಾರುವವನು ಒಮ್ಮೆ, "ಅಕ್ಕಾ, ಯಮ ಬಂದಾಗ್ಲೂ ಹಿಂಗೇ ಹೋಗ್ತೀಯಾ?" ಎಂದು ಕೆಣಕಿದ.

"ಮತ್ತೆ? ಅವನ ಕೋಣಕ್ಕೂ ಯಾರಾದ್ರೂ ದಾರಿ ತೋರಿಸ್ಬೇಕಲ್ಲಪ್ಪ" ಎಂದಳು.

ಆ ಸೇವೆಗೆ ಒಂದು ಕಟ್ಟಳೆಯಿತ್ತು. ದೀಪ ಹಿಡಿದವರು ಗರ್ಭಗುಡಿಯ ಕಡೆ ತಿರುಗುವಂತಿಲ್ಲ. ದರ್ಶನವಾದ ಮೇಲೆ ಬೆಳಕಿಂಡಿಯಿರುವ ಪಕ್ಕದ ದಾರಿಯಿಂದಲೇ ಹೊರಬರಬೇಕು. ದೀಪವನ್ನು ಮುಂದಿನವರಿಗೆ ಒಪ್ಪಿಸಿದ ದಿನವೇ ತಿರುಗಿ ಸ್ವಾಮಿಯನ್ನು ನೋಡುವುದು. ಮದುವಣಗಿತ್ತಿಯಾಗಿ ನೂಕುನುಗ್ಗಲಿನಲ್ಲಿ ಕಂಡದ್ದೆಷ್ಟೋ ಅಷ್ಟೇ ಅವಳ ಪಾಲಿನ ದರ್ಶನ. ಕಡೆಯ ತಿರುವಿನಲ್ಲಿ ಬಂದವರ ಮುಖ ಅರಳುತ್ತದಲ್ಲ, ತನಗೆ ಅದೇ ಸಾಕು ಎನ್ನುತ್ತಿದ್ದಳು.

ಆ ಮುಖಗಳೂ ಮಂಜಾಗತೊಡಗಿದವು. ಮಗನಿಗೂ ತಿಳಿಸದೆ ವೈದ್ಯರಲ್ಲಿಗೆ ಹೋಗಿದ್ದಳಂತೆ. ಇನ್ನು ಕೈಮೀರಿತು ಎಂದರಂತೆ. ಹಿಂದಕ್ಕೆ ನಡೆಯುವವಳಿಗೆ ಕಾಲೇ ಕಣ್ಣು, ಹಾಗಾಗಿ ಯಾರಿಗೂ ಸುಳಿವು ಹತ್ತಲಿಲ್ಲ. ದೀಪ ಬಿಟ್ಟುಕೊಟ್ಟರೆ ತಿರುಗಬೇಕು. ತಿರುಗಿದರೆ ನೋಡಲು ಕಣ್ಣಿಲ್ಲ. ಆ ಸಂಕಟವನ್ನು ಹೊಟ್ಟೆಯಲ್ಲಿಟ್ಟುಕೊಂಡು ದೀಪವನ್ನು ಬಿಗಿಯಾಗಿ ಹಿಡಿದಳು.

ಒಂದು ದಿನ ನಡುದಾರಿಯಲ್ಲಿ ಗಾಳಿ ನುಗ್ಗಿ ದೀಪ ಆರಿತು. ಜನ ಉಸಿರೆತ್ತಲಿಲ್ಲ, ಅದೂ ಒಂದು ನೇಮವಿರಬೇಕೆಂದು ಭಾವಿಸಿ ದನಿಯ ಬೆನ್ನು ಹಿಡಿದು ನಡೆದರು. ಎಣ್ಣೆಯ ಗಿಂಡಿ ಹಿಡಿದು ಎಲ್ಲರ ಹಿಂದೆ ಬರುತ್ತಿದ್ದ ಸೊಸೆ, ಅತ್ತೆ ಈಗ ಬೆಂಕಿಪೊಟ್ಟಣ ಕೇಳಿಯಾಳು, ಈಗ ಕೇಳಿಯಾಳು ಎಂದು ಕಾದಳು. ಮುಂದಿನಿಂದ ಕೇಳಿಬಂದದ್ದು, "ದೀಪ ನೋಡ್ಕೊಂಡು ಬನ್ನಿ ತಾಯಿ, ನಿಧಾನ."

ಸೊಸೆಗೆ ಆಗ ಎಲ್ಲ ತಿಳಿಯಿತು. ನಾಲ್ಕು ಜನರೆದುರು ಬಾಯಿಬಿಡಲಿಲ್ಲ. ಬಂದವರು ಕೈಮುಗಿದು ಹೊರಟ ಮೇಲೆ, ಅತ್ತೆಯ ಕೈಯಿಂದ ದೀಪ ತೆಗೆದುಕೊಂಡು ನಂದಾದೀಪದಿಂದ ಹೊತ್ತಿಸಿ, "ಅತ್ತೆ, ದೀಪ ಆಗ್ಲೇ ಆರಿತ್ತು" ಎಂದಳು.

ಅತ್ತೆ ದೀಪಕ್ಕೆ ಕೈಚಾಚಲಿಲ್ಲ. ಕೋಟು ಕಳಚಿ, ತಡವರಿಸಿ, ಸೊಸೆಯ ಹೆಗಲಿಗೆ ಹೊದಿಸಿದಳು. ಆಮೇಲೆ ತಿರುಗಿ, ಕೈಮುಗಿದು ನಿಂತಳು.

"ಹೇಗಿದ್ದಾನೆ ಹೇಳೇ."

ಸೊಸೆ ಅಷ್ಟರಲ್ಲಾಗಲೇ ಸ್ವಾಮಿಗೆ ಬೆನ್ನುಮಾಡಿ ನಿಂತಿದ್ದಳು. "ದೀಪ ನನ್ನ ಕೈಲಿದೆ ಅತ್ತೆ. ನಿಮ್ಮ ಮುಖ ಮಾತ್ರ ಕಾಣ್ತಿದೆ."

"ಅದ್ರಲ್ಲಿ ಹೇಗಿದ್ದಾನೆ?"

ಸೊಸೆ ದೀಪವನ್ನು ತುಸು ಮೇಲೆತ್ತಿ ಬಹಳ ಹೊತ್ತು ನೋಡಿದಳಂತೆ. "ಇದ್ದಾನೆ ಅತ್ತೆ" ಎಂದಳಂತೆ. ಇದನ್ನು ನನಗೆ ಹೇಳಿದವಳು ಅವಳೇ.

ದೀಪದ ಬುಡ ಕತ್ತಲೆ ಎಂದು ಗಾದೆ ಹೇಳುತ್ತೇವೆ, ಆ ಕತ್ತಲೆಯಲ್ಲಿ ಯಾರು ನಿಂತಿದ್ದಾರೆಂದು ಕೇಳುವುದಿಲ್ಲ. ಇಂಥವರು ಜನ್ಮವೆಲ್ಲ ಕಂಡವರ ಮುಖ ಕಂಡೇ ತಣಿಯುತ್ತಾರೆ. ತಮ್ಮ ಸರದಿ ಬರುವ ಹೊತ್ತಿಗೆ ಕಣ್ಣೇ ಇರುವುದಿಲ್ಲ. ಆದರೂ ತಿರುಗಿ ನಿಲ್ಲುತ್ತಾರೆ.