ಮೊಣಕೈ ಸವೆದ ಕೋಟುಗಳು

ಒಳ್ಳೆಯ ವಕೀಲರು ಯಾರೆಂದು ತಿಳಿಯಲು ಜನ ಬೋರ್ಡು ನೋಡುತ್ತಾರೆ, ಅವರಿವರನ್ನು ಕೇಳುತ್ತಾರೆ. ಲಾಂಡ್ರಿ ಅಕ್ಕ ಕೋಟು ನೋಡುತ್ತಿದ್ದಳು. ಕೋರ್ಟಿನ ಎದುರು ಬೀದಿಯಲ್ಲಿ ಇಪ್ಪತ್ತೆರಡು ವರ್ಷ ಕರಿಕೋಟುಗಳಿಗೆ ಇಸ್ತ್ರಿ ಹಾಕಿದವಳಿಗೆ ಬೇರೆ ದಾಖಲೆ ಬೇಕಿರಲಿಲ್ಲ. ಮೊಣಕೈ ಸವೆದಿದ್ದರೆ ಮೇಜಿಗೆ ಒರಗಿ ಕಾಗದ ಓದುವವರು. ಕಂಕುಳಿನ ಹೊಲಿಗೆ ಬಿಟ್ಟಿದ್ದರೆ ಕೈಯೆತ್ತಿ ವಾದ ಮಾಡುವವರು. ಬೆನ್ನು ಮಾತ್ರ ಹೊಳೆಯುತ್ತಿದ್ದರೆ ಕುರ್ಚಿಯಲ್ಲಿ ಕೂತು ಕಕ್ಷಿದಾರರ ದಾರಿ ಕಾಯುವವರು, ಅಂಥವರ ಮೆಟ್ಟಿಲು ಹತ್ತಬಾರದು.

ಅವಳಿಗೆ ಈಗ ವಕೀಲರು ಬೇಕಾಗಿದ್ದರು, ಅದೂ ಸ್ವಂತಕ್ಕೆ. ಪಕ್ಕದ ಊರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಗೆಳತಿ, "ಜೊತೆಗೆ ಬಾರೇ, ಕಿಟಕಿ ಪಕ್ಕದ ಮೇಜು ನಿಂಗೇ" ಎಂದು ಕರೆದು ವರ್ಷವಾಗಿತ್ತು. ಲಾಂಡ್ರಿಯ ಇಸ್ತ್ರಿ ಮೇಜು ಗೋಡೆಗೆ ಮುಖ ಮಾಡಿತ್ತು. ಇಪ್ಪತ್ತೆರಡು ವರ್ಷ ಆ ಗೋಡೆಯನ್ನೇ ನೋಡಿದ್ದಳು. ಯಾವ ಬಿರುಕು ಯಾವ ವರ್ಷ ಬಿಟ್ಟಿತೆಂದು ನಿದ್ದೆಗಣ್ಣಲ್ಲೂ ಹೇಳಬಲ್ಲಳು.

ಹೋಗಬೇಕೆಂದರೆ ಹೋಗುವುದು ಹೇಗೆ? ಅಪ್ಪ ಸಾಯುವ ಮೊದಲು ಅಕ್ಕ ತಮ್ಮ ಇಬ್ಬರನ್ನೂ ಪಾಲುದಾರರನ್ನಾಗಿ ಮಾಡಿ ಪತ್ರ ಬರೆಸಿದ್ದ. ಕೆಳಗೆ ಲಾಂಡ್ರಿ, ಮೇಲೆ ಮನೆ, ಎಲ್ಲ ಇಬ್ಬರದೂ. ಆ ಪತ್ರದಲ್ಲಿ ಏನಿದೆ ಎಂದು ಕೇಳಿದಾಗಲೆಲ್ಲ ತಮ್ಮ ಒಂದೇ ಮಾತು ಹೇಳುತ್ತಿದ್ದ: "ಬಿಟ್ಟು ಹೋಗೋರು ಬರಿಗೈಲಿ ಹೋಗಬೇಕು ಅಂತ ಅಪ್ಪ ಬರೆಸಿದಾನೆ ಅಕ್ಕ. ನಾನೇನು ಮಾಡ್ಲಿ?" ಪತ್ರದ ನಕಲು ಅವಳ ಟ್ರಂಕಿನಲ್ಲೇ ಇತ್ತು. ಕಾನೂನಿನ ಭಾಷೆಯ ಏಳು ಪುಟ. ಎಷ್ಟು ಸಲ ಓದಿದರೂ ಅವಳಿಗೆ ಅರ್ಥವಾಗುತ್ತಿದ್ದದ್ದು ಅಪ್ಪನ ಸಹಿ ಒಂದೇ. ನಲವತ್ತೆಂಟು ವರ್ಷದ ಹೆಂಗಸು ಬರಿಗೈಲಿ ಹೋಗಿ ಗೆಳತಿಯ ಹಂಗಿನಲ್ಲಿ ಬಿದ್ದಿರುವುದು ಅವಳಿಂದಾಗದು. ಇಲ್ಲಿರುವುದೂ ಆಗದು. ಬಿಸಿ ತುಪ್ಪದ ಪಾಡು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ವ್ಯಾಪಾರದ ಪತ್ರ ಓದಿ ಗೊತ್ತಿರಬೇಕು, ಕಟ್ಟಡದ ವ್ಯವಹಾರ ತಿಳಿದಿರಬೇಕು, ಬೇಕಾದರೆ ಕೋರ್ಟಿನಲ್ಲಿ ನಿಂತು ಹೋರಾಡಬೇಕು. ಮೂರೂ ಬಲ್ಲ ಪಳಗಿದ ಕೈ ಬೇಕು. ಎರಡು ತಿಂಗಳು ಬಂದ ಕೋಟುಗಳನ್ನೆಲ್ಲ ತಿರುವಿ ಮುರುವಿ ನೋಡಿ ಏಳನ್ನು ಆರಿಸಿದಳು. ಮೊದಲನೆಯವರ ಗುಮಾಸ್ತರಿಗೆ ಫೋನು ಮಾಡಿ ಗುರುವಾರಕ್ಕೆ ಸಮಯ ಕೇಳಿದಳು. ಆಮೇಲೆ ಮರೆಯಬಾರದೆಂದು ಏಳನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟಳು.

ಎಡವಟ್ಟಾಗಿದ್ದೇ ಅಲ್ಲಿ. ಲಾಂಡ್ರಿಯವರು ಗಿರಾಕಿಗಳನ್ನು ಹೆಸರಿನಿಂದ ನೆನಪಿಡುವುದಿಲ್ಲ, ಕಾಲರಿಗೆ ಹೊಲಿದ ನಂಬರಿನಿಂದ ನೆನಪಿಡುತ್ತಾರೆ. ಅವಳೂ ಹೆಸರು ಬರೆಯಲಿಲ್ಲ. ನಲವತ್ತೊಂದು, ನೂರ ಹದಿನಾರು, ಅರವತ್ತೆಂಟು ಎಂದು ಏಳು ನಂಬರು ಗೀಚಿ, ಚೀಟಿಯನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಮೇಲೆ ಹೋದಳು. ಆ ಅಂಗಡಿಯಲ್ಲಿ ಮೇಜಿನ ಮೇಲೆ ನಂಬರಿನ ಚೀಟಿ ಇದೆಯೆಂದರೆ ಒಂದೇ ಅರ್ಥ, ಇವನ್ನು ಮೊದಲು ತಲುಪಿಸು. ಬಟ್ಟೆ ತಲುಪಿಸುವುದು ತಮ್ಮನ ಕೆಲಸ. ಅವನು ಏಳೂ ಕೋಟುಗಳನ್ನು ಹೆಗಲಿಗೆ ಹಾಕಿಕೊಂಡು ಹೊರಟ. ವಿಧೇಯ ಹುಡುಗ, ಪಾಪ!

ಗುರುವಾರ ಅವಳು ನಲವತ್ತೊಂದರ ಕಚೇರಿಗೆ ಹೋದಾಗ ಆ ಹಿರಿಯರು ಎದ್ದು ನಿಂತು ಕೈಮುಗಿದರು, ಕೂರಲು ಮಾತ್ರ ಹೇಳಲಿಲ್ಲ.

"ದಯವಿಟ್ಟು ಏನೂ ಹೇಳಬೇಡಿಮ್ಮ. ಇನ್ನೊಂದು ಕಡೆಯವರ ಮಾತು ಆಗಲೇ ಕೇಳಿಬಿಟ್ಟಿದೀನಿ. ಒಂದು ಕಡೆ ಕೇಳಿದ ಕಿವಿ ಇನ್ನೊಂದು ಕಡೆಗೆ ಕೆಲಸ ಮಾಡೋ ಹಾಗಿಲ್ಲ. ಅದು ನಮ್ಮ ಕಟ್ಟುಪಾಡು."

"ಇನ್ನೊಂದು ಕಡೆ ಅಂದ್ರೆ ಯಾರು ಸ್ವಾಮಿ?"

ಅವರು ಬಾಗಿಲ ಕಡೆ ಕೈ ತೋರಿಸಿದರು. ಹೊರಗೆ ಬರುವಾಗ ಗುಮಾಸ್ತರು ತಲೆ ತಗ್ಗಿಸಿಕೊಂಡು, "ನಿಮ್ಮ ತಮ್ಮ ಕೋಟು ತಂದಾಗ ಬಾಯಿತಪ್ಪಿ ಹೇಳ್ಬಿಟ್ಟೆ ಅಮ್ಮ, ನಿಮ್ಮಕ್ಕ ಪಾಲುದಾರಿಕೆ ವಿಷಯಕ್ಕೆ ಗುರುವಾರ ಬರ್ತಾರೆ ಅಂತ. ಅವರು ಸೀದಾ ಒಳಗೆ ಹೋಗಿ ಕೂತ್ಬಿಟ್ರು" ಎಂದರು.

ನೂರ ಹದಿನಾರು ಅದೇ ಮಾತು ಹೇಳಿದರು. ಅರವತ್ತೆಂಟು ಬಾಗಿಲಲ್ಲೇ ಹೇಳಿದರು. ನಾಲ್ಕನೆಯವರ ಹೊತ್ತಿಗೆ ಅವಳಿಗೆ ಎಲ್ಲ ಹೊಳೆಯಿತು. ಗುಮಾಸ್ತರ ಮಾತು ಕಿವಿಗೆ ಬಿದ್ದ ಮೇಲೆ ತಮ್ಮ ಮತ್ತೆ ಆ ಚೀಟಿ ನೋಡಿದ್ದಾನೆ, ಉಳಿದ ಆರು ನಂಬರೂ ಅವಳು ಆರಿಸಿಟ್ಟ ವಕೀಲರದೇ ಎಂದು ಊಹಿಸಿದ್ದಾನೆ. ಅವಳು ಬರೆದ ಸಾಲಿನಲ್ಲೇ ಒಬ್ಬೊಬ್ಬರ ಮುಂದೆ ಕೂತು ಕಥೆ ಹೇಳಿ, ಅವಳಿಗಿಂತ ಮೊದಲು ಏಳು ಬಾಗಿಲಿಗೂ ಅಗುಳಿ ಹಾಕಿ ಬಂದಿದ್ದಾನೆ. ಅವನ ಕೈಗೆ ಪಟ್ಟಿ ಕೊಟ್ಟವಳು ಅವಳೇ. ಬೀದಿಯಲ್ಲಿ ನಿಂತು ತಲೆ ಚಚ್ಚಿಕೊಳ್ಳಬೇಕೆನಿಸಿತು. ಐದನೆಯವರ ಮೆಟ್ಟಿಲ ಬಳಿ ಹೋಗಿ ಹತ್ತದೆ ತಿರುಗಿದಳು.

ಆ ಸಂಜೆ ತಮ್ಮ ಏನೂ ಆಗಿಲ್ಲವೆಂಬಂತೆ ಬಟ್ಟೆ ಮಡಚುತ್ತಿದ್ದ. "ಟೀ ಕುಡಿದ್ಯಾ ಅಕ್ಕ?" ಎಂದು ಕೇಳಿದ. ಅವಳ ಬಾಯಿಗೆ ಬಂದದ್ದು ಬೈಗುಳ. ಆದರೆ ಬಾಯಿ ಬಿಟ್ಟರೆ ಜಗಳ, ಜಗಳವಾದರೆ ಮೇಲೆ ಮನೆಯಲ್ಲಿ ಅವನ ಹೆಂಡತಿಯ ಅಳು, ಬೆಳಿಗ್ಗೆ ಮತ್ತೆ ಇದೇ ಮೇಜು. ಜಗಳವಾಡಿ ಎದ್ದು ಹೋಗಲು ಇನ್ನೊಂದು ಕೋಣೆಯಾದರೂ ಇರಬೇಕಲ್ಲ! "ಕುಡಿದೆ" ಎಂದು ಇಸ್ತ್ರಿ ಹಿಡಿದಳು.

ಆಗ ಕೈಗೆ ಬಂದದ್ದು ಇನ್ನೂರ ಮೂರರ ಕೋಟು. ಅದು ಒಬ್ಬ ಹೆಂಗಸಿನದು. ಮೊಣಕೈ ನೋಡಿದರೆ ನಿನ್ನೆ ಹೊಲಿಸಿದ ಹಾಗೆ, ಕಂಕುಳ ಗಟ್ಟಿಮುಟ್ಟು. ಕೆಲಸವಿಲ್ಲದ ವಕೀಲೆ ಎಂದು ಎರಡು ತಿಂಗಳ ಹಿಂದೆ ಅಕ್ಕನೇ ಅದನ್ನು ಪಕ್ಕಕ್ಕೆ ಸರಿಸಿದ್ದಳು. ಆದರೆ ಗತಿಯಿಲ್ಲದವರು ಎಷ್ಟು ದಿನ ಆರಿಸುತ್ತಾ ಕೂರುತ್ತಾರೆ? ಮರುದಿನ ತಾನೇ ಆ ಕೋಟು ಹಿಡಿದು ಹೊರಟಳು.

ಕಚೇರಿ ಚಿಕ್ಕದು. ಗೋಡೆಯುದ್ದಕ್ಕೂ ಕಡತ. ತಮ್ಮನ ವಿಷಯ ಎತ್ತುತ್ತಲೇ ಬೆಳ್ಳಿಗೂದಲಿನ ವಕೀಲೆ ಕೈಯೆತ್ತಿ ಅವಳನ್ನು ತಡೆದು, "ಮೊದಲು ಇಬ್ಬರ ಹೆಸರು ಮಾತ್ರ ಹೇಳಿ. ಕಥೆ ಬೇಡ" ಎಂದು, ಬಂದುಹೋದವರ ಹೆಸರು ಬರೆದಿಟ್ಟ ದಪ್ಪ ಪುಸ್ತಕದಲ್ಲಿ ಬೆರಳಾಡಿಸಿದರು. ಬೆರಳು ಕೆಳಗಿಳಿದು, ಹಾಳೆ ತಿರುಗಿ, ಮತ್ತೆ ಕೆಳಗಿಳಿಯಿತು.

"ನಿಮ್ಮ ತಮ್ಮ ಇಲ್ಲಿಗೆ ಬಂದಿಲ್ಲ. ಕೂತ್ಕೊಳ್ಳಿ. ಅಲ್ಲಾ, ಇದೇ ಬೀದಿಯಲ್ಲಿದ್ದು ಇಷ್ಟು ತಡವಾಗಿ ಯಾಕೆ ಬಂದ್ರಿ?"

"ನಿಮ್ಮ ಕೋಟು ಸವೆದಿರಲಿಲ್ಲ ಮೇಡಂ" ಎಂದಳು ಅಕ್ಕ. ಸುಳ್ಳು ಹೇಳುವಷ್ಟು ಶಕ್ತಿ ಉಳಿದಿರಲಿಲ್ಲ.

ವಕೀಲೆ ಕುರ್ಚಿ ಅಲುಗಾಡುವಷ್ಟು ನಕ್ಕರು. "ಮೂವತ್ತೊಂದು ವರ್ಷದಿಂದ ವ್ಯಾಪಾರದ ಜಗಳ, ಜಾಗದ ಜಗಳ ನೋಡ್ತಾ ಇದೀನಿ. ಹೆಚ್ಚಿನವು ಈ ಮೇಜಿನ ಮೇಲೇ ಮುಗಿಯುತ್ತೆ. ಇಲ್ಲಿ ಸೆಖೆ, ನಾನು ಕೋಟು ಹಾಕಲ್ಲ. ಎದುರಿನವರು ಕೋರ್ಟಿಗೆ ಎಳೆದ್ರೆ ಆಗ ಹಾಕ್ತೀನಿ. ಇರಲಿ, ನಿಮಗೇನು ಬೇಕು ಹೇಳಿ."

ಏನು ಬೇಕು ಎಂದು ಅವಳನ್ನು ಯಾರೂ ಕೇಳಿದ್ದಿಲ್ಲ. ಕೇಳಿದ್ದೆಲ್ಲ ಯಾವಾಗ ಸಿಗುತ್ತೆ, ಕಲೆ ಹೋಗುತ್ತಾ ಎಂದು. "ಹೊರಗೆ ಹೋಗ್ಬೇಕು" ಎಂದಳು, ಅಷ್ಟೇ.

ಅವಳು ಜೊತೆಗೆ ತಂದಿದ್ದ ಪತ್ರದ ಏಳೂ ಪುಟವನ್ನು ವಕೀಲೆ ನಿಧಾನವಾಗಿ ಓದಿದರು. ಓದಿ ಕನ್ನಡಕ ತೆಗೆದರು. "ಬರಿಗೈಲಿ ಹೋಗಬೇಕು ಅಂತ ಇದರಲ್ಲಿ ಎಲ್ಲೂ ಇಲ್ಲ. ಮೂರು ತಿಂಗಳು ಮೊದಲು ನೋಟಿಸ್ ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಹೊರಗೆ ಬರಬಹುದು. ಕಟ್ಟಡದಲ್ಲಿ ಅರ್ಧ ನಿಮ್ಮದೇ. ನಿಮ್ಮ ಪಾಲನ್ನ ತಮ್ಮ ಕೊಳ್ಳಬಹುದು. ಆಗಲ್ಲ ಅಂದ್ರೆ ಮಾರಿ ಹಂಚ್ಕೋಬೇಕು."

"ಮಾರಿದ್ರೆ ಅವನೆಲ್ಲಿ ಇರ್ತಾನೆ?"

"ಇಪ್ಪತ್ತೆರಡು ವರ್ಷ ನೀವು ಹೇಗಿದ್ದೀರಿ ಅಂತ ಅವರು ಕೇಳಿದ್ರಾ?" ಎಂದು ವಕೀಲೆ ನೋಟಿಸಿನ ಕಾಗದ ಮುಂದಕ್ಕೆ ಸರಿಸಿದರು. "ಒತ್ತಾಯ ಇಲ್ಲ. ಯೋಚನೆ ಮಾಡಿ ಬನ್ನಿ."

ಯೋಚನೆ ಮಾಡಿದರೆ ಮತ್ತೆ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಲ್ಲೇ ಸಹಿ ಹಾಕಿದಳು.

ನೋಟಿಸು ಮೂರನೇ ದಿನ ರಿಜಿಸ್ಟರ್ ಅಂಚೆಯಲ್ಲಿ ಬಂತು. ಹಿತ್ತಲಲ್ಲಿ ತಮ್ಮ ಬಟ್ಟೆ ಹಿಂಡುತ್ತಿದ್ದ. ಪೋಸ್ಟಿನವನು ಎಂದಿನಂತೆ ಪೆನ್ನು ಚಾಚಿ, "ತಮ್ಮನ ಹೆಸರಿಗಿದೆ, ನೀವೇ ಹಾಕಿಬಿಡಿ ಅಕ್ಕ" ಎಂದ. ಇಷ್ಟು ವರ್ಷ ತಮ್ಮನ ಅಂಚೆಗೆಲ್ಲ ಅವಳೇ ಸಹಿ ಹಾಕಿದ್ದಳು. ಈಗಲೂ ಹಾಕಬಹುದು. ಹಾಕಿ, ಲಕೋಟೆಯನ್ನು ಟ್ರಂಕಿಗೆ ತುರುಕಿದರೆ ನಾಳೆ ಎಲ್ಲ ನಿನ್ನೆಯ ಹಾಗೆಯೇ. ಜಗಳವಿಲ್ಲ, ಅಳುವಿಲ್ಲ. ಪೆನ್ನು ಹಿಡಿದ ಕೈ ಸಹಿಯ ಜಾಗಕ್ಕೆ ತಾನಾಗಿಯೇ ಹೋಯಿತು. ಅವಳಿಗೆ ತನ್ನ ಕೈಯ ಮೇಲೇ ಭಯವಾಯಿತು.

"ಬಾರೋ ಇಲ್ಲಿ," ಎಂದು ಕೂಗಿದಳು. "ನಿಂಗೆ ಕಾಗದ ಬಂದಿದೆ."

ಅವನು ಕೈ ಒರೆಸಿಕೊಂಡು ಬಂದು ಸಹಿ ಹಾಕಿ ಒಡೆದು ಓದಿದ. ಕೂಗಾಡುತ್ತಾನೆಂದು ಅವಳು ಮೇಜಿನ ಅಂಚು ಹಿಡಿದಿದ್ದಳು. ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ನಿನ್ನ ಏಳು ಜನಾನೂ ಇದನ್ನೇ ಹೇಳಿದ್ರು ಅಕ್ಕ. ನಿನ್ನನ್ನ ಹಿಡಿದಿಡೋಕೆ ಆಗಲ್ಲ, ಅರ್ಧ ನಿಂದೇ ಅಂತ. ಅಲ್ಲೀವರೆಗೂ ನಾನೂ ಬರಿಗೈ ಅಂತಲೇ ನಂಬಿದ್ದೆ. ಆಮೇಲೆ ಗೊತ್ತಾಯ್ತು. ಗೊತ್ತಾದ ಮೇಲೂ ಸುಮ್ಮನಿದ್ದೆ. ಯಾರೂ ನಿಂಗೆ ಓದಿ ಹೇಳದೇ ಇದ್ರೆ ಸಾಕು ಅಂತ ಇದ್ದೆ."

"ಯಾಕೋ?"

"ಒಬ್ಬನೇ ನಂಗೆ ಆಗಲ್ಲ ಕಣೆ. ನಿಂಗೂ ಗೊತ್ತು."

ಕೋಪದಿಂದ ಅವಳ ಕಿವಿ ಬಿಸಿಯಾಯಿತು. ಹಿಂದೆಯೇ, ಬೇಡವೆಂದರೂ, ಕರುಳು ಚುರುಕ್ ಎಂದಿತು. ಅವನ ಕರುಣೆಗೆಟ್ಟ ಕೆಲಸಕ್ಕಿಂತ ತನ್ನ ಈ ಕರುಳೇ ಗಟ್ಟಿ ಬೀಗ ಎಂದು ಅವಳಿಗೆ ಆ ಕ್ಷಣ ತಿಳಿಯಿತು.

ಅವನು ಕಾಗದ ಮಡಚುತ್ತ, ಆಸೆಯಿಂದ ಅವಳ ಮುಖ ನೋಡಿದ. "ಮೂರು ತಿಂಗಳಿದೆಯಲ್ಲ. ಅಷ್ಟರಲ್ಲಿ ನಿನ್ನ ಮನಸ್ಸು ಬದಲಾಗಬಹುದು."

ಆಗಬಹುದು. ಅವಳಿಗೂ ಅದೇ ಭಯ. ತೊಂಬತ್ತು ಬೆಳಗು ಇದೇ ಮೆಟ್ಟಿಲಿಳಿದು ಇವನ ಪಕ್ಕದಲ್ಲೇ ನಿಲ್ಲಬೇಕು, ಟೀ ಕುಡಿದ್ಯಾ ಎಂದರೆ ಕುಡಿದೆ ಎನ್ನಬೇಕು.

ಅವಳು ಇಸ್ತ್ರಿ ಪೆಟ್ಟಿಗೆಯ ಹಿಡಿಯನ್ನು ಅವನ ಕಡೆಗೆ ತಿರುಗಿಸಿದಳು.

"ಬಾ, ಈ ಕಡೆ ನಿಂತ್ಕೋ. ಕಾಲರಿಂದ ಶುರು ಮಾಡು."

"ನಂಗೆ ಬರಲ್ಲ ಅಕ್ಕ, ಸುಟ್ಟೋಗುತ್ತೆ."

"ಸುಡಲಿ," ಎಂದಳು. ಅವನು ಎದ್ದು ಬಂದು ಗೋಡೆಗೆ ಮುಖ ಮಾಡಿ ನಿಂತ. ಪೆಟ್ಟಿಗೆಯನ್ನು ಕಾಲರಿನ ಮೇಲೆ ಓರೆಯಾಗಿ ಇಟ್ಟ. ಹಿಡಿದು ತೋರಿಸಲು ಅವಳ ಕೈ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು, ಬೆನ್ನ ಹಿಂದೆ ಇನ್ನೊಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು.