ಯಲಿಯೂರಿನ ಒಳಸುತ್ತು

ಪಟ್ಟಲಮ್ಮನ ಹೆಣವನ್ನು ಸ್ನಾನಕ್ಕೆಂದು ಜಗಲಿಯಿಂದ ಎತ್ತಿದಾಗ ಕೆಳಗಿದ್ದ ಚಾಪೆಯೂ ಜೊತೆಗೇ ಬಂತು. ಸಿಮೆಂಟಿನ ಮೇಲೆ ಮೊಳೆಯಲ್ಲಿ ಕೆರೆದ ಚೌಕಾಬಾರದ ಮನೆಗಳು ಕಂಡವು. ಗೀರು ಸೊಟ್ಟಗಿದ್ದರೂ ಸಾಲಿಗೆ ಐದರಂತೆ ಇಪ್ಪತ್ತೈದು ಮನೆ ಸರಿಯಾಗಿಯೇ ಇದ್ದವು. ನೀರಿನ ಚೊಂಬು ಹಿಡಿದಿದ್ದ ಗೆಳತಿ ಚಿಕ್ಕಬೋರಮ್ಮ ಅಲ್ಲೇ ನಿಂತಳು.

“ಏನೇ ಅರುಂಧತಿ ಇದು?”

“ನಮ್ಮತ್ತೆ ಕೆಲ್ಸ ಕಣ್ ಬೋರತ್ತೆ,” ಸೊಸೆ ಮೂಗೊರೆಸಿಕೊಂಡಳು. “ಸುಣ್ಣದಲ್ಲಿ ಬರುದ್ರೆ ನಾನು ಒರೆಸ್ತೀನಿ ಅಂತ ಮೊಳೆ ತಗಂಡು ಕೆರುದ್ಬುಟ್ರು. ಮೂರು ತಿಂಗ್ಳಿಂದ ಒಬ್ರೇ ಕೂತ್ಕಂಡು ಆಡೋರು. ‘ನಾನು ಕಳ್ಳಿ ಅಲ್ಲ ಕಣಮ್ಮಿ’ ಅನ್ನೋರು. ನೆನ್ನೆ ಸಂಜೆನೂ ಇಲ್ಲೇ ಆಡ್ತಾ ಆಡ್ತಾ ಒರಗುದ್ರು. ಕೂಟದಲ್ಲಿ ಯಾರೋ ಕಳ್ಳಿ ಅಂದ್ರಂತೆ. ಯಾರು ಅಂದ್ರೆ ಬಾಯೇ ಬುಡ್ಲಿಲ್ಲ. ಅಂದೋರ ನಾಲ್ಗೆ ಸೇದೋಗ!”

ಚೊಂಬಿನ ನೀರು ಚಿಕ್ಕಬೋರಮ್ಮನ ಕಾಲ ಮೇಲೆ ತುಳುಕಿತು. ಬೇಲಿ ಪಕ್ಕ ನಿಂತಿದ್ದ ಕೂಟದ ಮುದುಕ ಮುದುಕಿಯರು ನೆಲ ನೋಡಿದರು. ಆ ನಾಲಿಗೆ ಯಾರದೆಂದು ಅವರಿಗೆಲ್ಲ ಗೊತ್ತಿತ್ತು.

*

ಬೆಳಕವಾಡಿಯ ಸಮುದಾಯ ಭವನದಲ್ಲಿ ಬುಧವಾರ, ಶನಿವಾರ ಹಿರಿಯರ ಕೂಟ ಸೇರುತ್ತದೆ. ಅರ್ಪಿತ ಎಂಬ ಹುಡುಗಿ ಮಳವಳ್ಳಿಯಿಂದ ಬಂದು ಎಲ್ಲರನ್ನೂ ಕುರ್ಚಿಯಲ್ಲಿ ಕೂರಿಸಿ ಕೈಕಾಲು ಆಡಿಸುತ್ತಾಳೆ, ಚೆಂಡು ದಾಟಿಸುತ್ತಾಳೆ, ಕೋಲಾಟ ಕುಣಿಸುತ್ತಾಳೆ. ಕೊನೆಗೆ ಚೌಕಾಬಾರ. ಗಂಡ ಸತ್ತ ಮೇಲೆ ಮಂಡಿನೋವೆಂದು ಮೂಲೆ ಹಿಡಿದಿದ್ದ ಪಟ್ಟಲಮ್ಮನನ್ನು ಅಲ್ಲಿಗೆ ದರದರ ಎಳೆದುಕೊಂಡು ಹೋದವಳೇ ಚಿಕ್ಕಬೋರಮ್ಮ. ವರ್ಷ ತುಂಬುವುದರೊಳಗೆ ಪಟ್ಟಲಮ್ಮ ಕೋಲು ಹಿಡಿದು ಎಂಥಾ ಹೆಜ್ಜೆ ಹಾಕಿದಳು ಅಂತೀರಿ! ನೋಡಿದವರು ಬಾಯಿ ಮೇಲೆ ಬೆರಳಿಟ್ಟುಕೊಂಡರು.

ಆಮೇಲೆ ಅವಳಿಗೆ ಮರೆವು ಶುರುವಾಯಿತು. “ತಪ್ಪಾಡಿದ್ರೂ ಬೈಬೇಡಿ ಅಜ್ಜಿ, ಆಡ್ತಾ ಇರ್ಲಿ ಸಾಕು,” ಎಂದು ಅರ್ಪಿತ ಗುಟ್ಟಾಗಿ ಹೇಳಿದ್ದಳು. ಚಿಕ್ಕಬೋರಮ್ಮ ತಲೆಯಾಡಿಸಿದ್ದಳು. ಆದರೆ ಸೋಲುವುದೆಂದರೆ ಅವಳಿಗೆ ಮೈ ಉರಿ. ಬೆಳಕವಾಡಿಯಲ್ಲಿ ಕಾಯಿ ಹೊರಸುತ್ತನ್ನು ಬಲಕ್ಕೆ ನಡೆದು, ಒಳಸುತ್ತನ್ನು ಎಡಕ್ಕೆ ತಿರುಗಬೇಕು. ಅವತ್ತು ಪಟ್ಟಲಮ್ಮ ಒಳಸುತ್ತಿನಲ್ಲೂ ಬಲಕ್ಕೇ ನಡೆಸಿ, ನಡುಮನೆ ಸೇರಿ ಹಣ್ಣಾಗಲಿದ್ದ ಚಿಕ್ಕಬೋರಮ್ಮನ ಕಾಯಿಯನ್ನು ಹೊಡೆದುಬಿಟ್ಟಳು.

“ಕಳ್ಳಾಟ! ಮುದುಕಿ ಆದ್ರೂ ಕಳ್ಳಬುದ್ಧಿ ಬುಡ್ಲಿಲ್ವಲ್ಲ! ಕಳ್ಳಿ!”

ಪಟ್ಟಲಮ್ಮ ತನ್ನ ಕಾಯಿಗಳಾಗಿದ್ದ ಹುಣಸೆ ಬೀಜಗಳನ್ನು ಬಿಸಾಡಿ ಎದ್ದುಹೋದಳು, ಮತ್ತೆ ಬರಲಿಲ್ಲ. ಮಂಡಿ ಮತ್ತೆ ಹಿಡಿದುಕೊಂಡಿತು. ಬುಧವಾರ ಬಂದರೆ ಕೊಡೋಣವೆಂದು ಚಿಕ್ಕಬೋರಮ್ಮ ಒಂದು ಬೀಜವನ್ನು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಪಟ್ಟಲಮ್ಮನದು ಎರಡು ಬೀದಿ ಆಚೆಯ ಮನೆ. ನಾನೇ ಯಾಕೆ ಹೋಗಬೇಕು ಎಂಬ ಹಟದಲ್ಲಿ ಮೂರು ತಿಂಗಳು ಕಳೆದವು.

*

ಮಧ್ಯಾಹ್ನ ಪಟ್ಟಲಮ್ಮನ ತಂಗಿ ಸಣ್ಣತಾಯಮ್ಮ ತವರೂರಾದ ಯಲಿಯೂರಿನಿಂದ ಬಂದಳು. ಬೋರಾಡಿ ಅತ್ತು ಜಗಲಿಯಲ್ಲಿ ಕುಸಿದಳು. ಕೈಗೆ ಗೀರುಗಳು ಸಿಕ್ಕವು. ಓದುಬರಹವಿಲ್ಲದ ಪಟ್ಟಲಮ್ಮ ಕಾಯಿ ನಡೆಯುವ ದಾರಿಗೆ ಕೋಳಿಕಾಲಿನಂಥ ಗುರುತು ಹಾಕಿಕೊಂಡಿದ್ದಳು.

“ಅಯ್ಯೋ ಅಕ್ಕಾ, ನಮ್ಮೂರಾಟ ಇನ್ನೂ ನೆನಪಿತ್ತೇನವ್ವ ನಿಂಗೆ!”

“ನಿಮ್ಮೂರಾಟವಾ?” ಚಿಕ್ಕಬೋರಮ್ಮ ಗೀರುಗಳತ್ತ ಬಗ್ಗಿದಳು.

“ಊಂ ಕಣಕ್ಕ. ನಮ್ಮಟ್ಟೀಲಿ ಒಳಸುತ್ತೂ ಬಲಕ್ಕೇ. ನಮ್ಮವ್ವ ಕಲ್ಸಿದ್ದು. ಮದ್ವೆ ಆಗಿ ಬಂದ್ಮೇಲೆ ನಿಮ್ಮ ತರ ಕಲ್ತ್ಕಂಡಿದ್ಲು.”

ಐವತ್ತು ವರ್ಷ ಆಡಿದ ಈ ಊರಿನ ಆಟ ಮರೆತು, ತವರಿನದೊಂದೇ ಉಳಿದಿತ್ತು ಪಾಪದವಳಿಗೆ. ಚಿಕ್ಕಬೋರಮ್ಮ ಕ್ಷಮೆ ಕೇಳೋಣವೆಂದರೆ ಪಟ್ಟಲಮ್ಮ ಹೂವಿನಡಿ ಮಲಗಿದ್ದಳು. ತಾನು ಸುಮ್ಮನಿದ್ದರೆ ಕಳ್ಳಿ ಅಂದವರು ಯಾರೆಂದು ಅರುಂಧತಿಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ಹೊಲದಲ್ಲಿ ಹೆಣ ಗುಂಡಿಗಿಳಿಯಿತು. ಮಗ ಸಿದ್ದೇಶ್ ಮೊದಲ ಹಿಡಿ ಮಣ್ಣು ತೆಗೆದುಕೊಂಡ.

“ತಡಿಯಪ್ಪ,” ಚಿಕ್ಕಬೋರಮ್ಮ ಮುಂದೆ ಬಂದಳು. “ಕಳ್ಳಿ ಅಂದೋಳು ನಾನು.”

ಕೂಟದ ಶಿವರಾಮು ಅವಳ ತೋಳು ಹಿಡಿದ. “ಈಗ್ಯಾಕಮ್ಮಿ, ಬುಡು.”

“ಬುಡಾಕಾಗಲ್ಲ. ಇಪ್ಪತ್ತು ಜನದ ಮುಂದೆ ಅಂದಿದ್ದೆ, ಇಪ್ಪತ್ತು ಜನದ ಮುಂದೆನೇ ಯೋಳ್ಬೇಕು. ಪಟ್ಟಲಕ್ಕ ಕಳ್ಳಾಟ ಆಡ್ಲಿಲ್ಲ. ಅವ್ಳು ತವರ ಆಟ ಆಡುದ್ಲು. ನಂಗೇ ಗೊತ್ತಾಗ್ಲಿಲ್ಲ.”

ಸಿದ್ದೇಶ್ ಮಣ್ಣು ಹಾಕಿದ. ಅರುಂಧತಿ ಮುಖ ತಿರುಗಿಸಿ ನಡೆದುಬಿಟ್ಟಳು.

ಮಣ್ಣು ಮಾಡಿ ಬಂದವರು ಸತ್ತವರ ಮನೆಯ ದೀಪ ನೋಡಿ ಹೋಗಬೇಕು. ಹೆಣವಿದ್ದ ಜಾಗದಲ್ಲಿ, ಗೀರುಗಳ ನಟ್ಟನಡುವಿನ ಮನೆಯಲ್ಲೇ ದೀಪ ಉರಿಯುತ್ತಿತ್ತು. ಪಕ್ಕದಲ್ಲಿ ಅರುಂಧತಿ ಕೂತಿದ್ದಳು. ಎಲ್ಲರೂ ನೋಡಿ ಹೋದರು. ಚಿಕ್ಕಬೋರಮ್ಮ ಮಾತ್ರ ನಿಂತೇ ಇದ್ದಳು.

ಚಿಕ್ಕಬೋರಮ್ಮ ಜಗಲಿಯ ಅಂಚಿಗೆ ಕುಕ್ಕರಿಸಿ, ಚೀಲದಿಂದ ಹುಣಸೆ ಬೀಜ ತೆಗೆದು ಹೊರಸುತ್ತಿನ ಮನೆಯೊಂದರಲ್ಲಿಟ್ಟಳು. ಒಂದೊಂದೇ ಮನೆ ನಡೆಸಿದಳು. ಒಳಸುತ್ತಿಗೆ ಬಂದಾಗ ಬೆರಳು ರೂಢಿಯಂತೆ ಎಡಕ್ಕೆ ಹೊರಟಿತು. ತಡೆದು, ಕೋಳಿಕಾಲಿನ ಗುರುತು ನೋಡಿ, ಬಲಕ್ಕೆ ತಿರುಗಿಸಿದಳು. ಸುತ್ತು ಮುಗಿದಾಗ ಬೀಜ ದೀಪದ ಬುಡಕ್ಕೆ ಬಂದು ನಿಂತಿತು.

ಅರುಂಧತಿ ದೀಪವನ್ನು ಒಂದು ಬೆರಳಷ್ಟು ಸರಿಸಿ, ನಡುಮನೆಯಲ್ಲಿ ಬೀಜಕ್ಕೆ ಜಾಗ ಮಾಡಿದಳು.