ನಿಂತಲ್ಲೇ ಸವಾರಿ

ಸೈಕಲ್ ಸವಾರರ ಕ್ಷೇಮಕ್ಕೆಂದು ಊರಿನ ದೊಡ್ಡವರೆಲ್ಲ ಕಾರಿನಲ್ಲಿ ಬಂದು, ಸಭೆ ಸೇರಿ, ಹೊಸ ನಿಯಮ ಮಾಡಿದರು. ರಸ್ತೆಯ ಅಂಚಿಗೆ ಹಸಿರು ಬಣ್ಣ ಬಳಿದು ಇದು ಸೈಕಲ್ ದಾರಿ ಎಂದರು. ಅದರಲ್ಲಿ ಸೈಕಲ್ ನಿಲ್ಲಿಸಕೂಡದು. ಫುಟ್‌ಪಾತಿನ ಮೇಲೆ ನಿಲ್ಲಿಸಬಹುದು, ತುಳಿಯಕೂಡದು. ಮೂರು ಸಲ ತಪ್ಪಿದರೆ ಸೈಕಲ್ ಜಪ್ತಿ. ಇಷ್ಟು ಸರಳವಾದ ನಿಯಮದಿಂದ ಯಾರಿಗೆ ತಾನೆ ತೊಂದರೆಯಾದೀತು?

ಸಾಣೆ ಮಾಮನಿಗೆ ಆಯಿತು. ಮೂವತ್ತು ವರ್ಷದಿಂದ ಬೀದಿ ಬೀದಿ ತಿರುಗಿ ಚಾಕು, ಕತ್ತರಿಗಳಿಗೆ ಸಾಣೆ ಹಿಡಿಯುವವನು ಆತ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕೂತು ಪೆಡಲ್ ತುಳಿದರೆ, ಹಿಂದಿನ ಚಕ್ರಕ್ಕೆ ಹಾಕಿದ ಬೆಲ್ಟು ಹ್ಯಾಂಡಲ್ ಹತ್ತಿರದ ಸಾಣೆಕಲ್ಲನ್ನು ತಿರುಗಿಸುತ್ತದೆ. ಅಂದರೆ ಆತ ಸೈಕಲ್ಲನ್ನು ನಿಲ್ಲಿಸಲೂ ಬೇಕು, ತುಳಿಯಲೂ ಬೇಕು. ಕಿಡಿ ಹಾರುವ ಭಯಕ್ಕೆ ಮನೆಯೊಳಗೆ ಯಾರೂ ಬಿಟ್ಟುಕೊಳ್ಳುವುದಿಲ್ಲ. ಇಂಥದ್ದೊಂದು ಪ್ರಾಣಿ ಭೂಮಿಯ ಮೇಲಿರುವ ಸುದ್ದಿಯೇ ಸಭೆಯವರಿಗೆ ಇರಲಿಲ್ಲ. ಅವರ ಅಡುಗೆಮನೆಯ ಚಾಕುಗಳು ತಾವಾಗಿಯೇ ಹರಿತವಾಗುತ್ತಿದ್ದವಲ್ಲ.

ಮೊದಲ ನೋಟಿಸ್ ಹಸಿರು ದಾರಿಯಲ್ಲಿ ನಿಂತಿದ್ದಕ್ಕೆ, ಎರಡನೆಯದು ಫುಟ್‌ಪಾತಿನ ಮೇಲೆ ತುಳಿದದ್ದಕ್ಕೆ. ಸೈಕಲ್ ಒಂದಂಗುಲವೂ ಮುಂದೆ ಹೋಗಿಲ್ಲವೆಂದು ಮಾಮ ಎತ್ತಿ ನಿಲ್ಲಿಸಿದ ಚಕ್ರದ ಕೆಳಗೆ ಕೈಯಾಡಿಸಿ ತೋರಿಸಿದ. ಟ್ರಾಫಿಕ್ ಪೇದೆ ಒಳ್ಳೆಯವನೇ. ಪುಸ್ತಕ ತೆಗೆದು ಬೆರಳಿಟ್ಟು ಓದಿ ಹೇಳಿದ. ಸೀಟಿನ ಮೇಲೆ ಕೂತು ಪೆಡಲ್ ತುಳಿಯುವವನೇ ಸವಾರ, ಮುಂದೆ ಹೋಗಬೇಕೆಂದು ಎಲ್ಲೂ ಬರೆದಿಲ್ಲ.

ಇನ್ನೊಂದು ನೋಟಿಸ್ ಬಂದರೆ ಸೈಕಲ್ ಹೋಯಿತು, ಸೈಕಲ್ ಹೋದರೆ ಕಸುಬೂ ಹೋಯಿತು. ಅರವತ್ತು ದಾಟಿದವನಿಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ದಾರಿ ತೋರಿಸಿದವಳು ಹೆಂಡತಿ.

"ಸೀಟ್ ಮೇಲೆ ಕೂತ್ರೆ ತಾನೇ ಸವಾರಿ? ನೀವು ಕೂರಲೇಬೇಡಿ. ನಾನು ಪೆಡಲ್ ಕೈಯಲ್ಲಿ ತಿರುಗಿಸ್ತೀನಿ, ನೀವು ನಿಂತ್ಕೊಂಡು ಸಾಣೆ ಹಿಡೀರಿ."

ಮರುದಿನ ದರ್ಜಿಯ ಅಂಗಡಿ ಮುಂದಿನ ಫುಟ್‌ಪಾತಿನಲ್ಲಿ ಅವಳು ಸ್ಟೂಲ್ ಹಾಕಿಕೊಂಡು ತಿರುಗಿಸಿದಳು. ಕಲ್ಲು ಚೆನ್ನಾಗಿಯೇ ಕಿಡಿ ಹಾರಿಸಿತು. ನಿಯಮಕ್ಕೇ ಚಳ್ಳೆಹಣ್ಣು ತಿನ್ನಿಸಿದೆ ಎಂದು ಮಾಮ ಬೀಗಿದ. ದರ್ಜಿಯ ಎರಡನೇ ಕತ್ತರಿ ಮುಗಿಯುವಷ್ಟರಲ್ಲಿ ಪೇದೆ ಬಂದ. ಸೈಕಲ್ಲಿಗೆ ಒಂದು ಸುತ್ತು ಹಾಕಿ, ಪುಸ್ತಕ ತಿರುವಿ, ನಿಜವಾಗಿಯೂ ಮುಖ ಸಪ್ಪೆ ಮಾಡಿಕೊಂಡ.

"ಯಜಮಾನ್ರೇ, ಒಂದು ಸೈಕಲ್‌ಗೆ ಇಬ್ರು. ಇದು ಡಬಲ್ ರೈಡಿಂಗ್ ಆಗುತ್ತೆ."

ಸೈಕಲ್ ಊರಾಚೆಯ ಜಪ್ತಿ ಅಂಗಳ ಸೇರಿತು. ಮಾಮ ಅರ್ಜಿ ಹಿಡಿದು ಕಚೇರಿಗೆ ಅಲೆದ. ಕೊನೆಗೆ ಗುಮಾಸ್ತನೊಬ್ಬ ಸಂತೋಷದ ಸುದ್ದಿ ಕೊಟ್ಟ. ಸೈಕಲ್ ಹೊರಗೆ ಬಿಡುವ ಹಾಗಿಲ್ಲ. ಆದರೆ ಅಂಗಳ ರಸ್ತೆಯೂ ಅಲ್ಲ, ಫುಟ್‌ಪಾತೂ ಅಲ್ಲ, ಅಲ್ಲಿ ಕೂತು ಬೇಕಾದಷ್ಟು ತುಳಿಯಬಹುದು. ಕಾವಲುಗಾರನಿಗೆ ಒಂದು ಚೀಟಿಯನ್ನೂ ಬರೆದುಕೊಟ್ಟ. ಈ ಕಾಲದಲ್ಲಿ ಇಷ್ಟು ಉಪಕಾರ ಯಾರು ಮಾಡುತ್ತಾರೆ?

ಈಗ ಮಾಮ ದಿನಾ ಬೆಳಿಗ್ಗೆ ನಡೆದು ಹೋಗಿ, ತುಕ್ಕು ಹಿಡಿದ ನೂರಾರು ಸೈಕಲ್‌ಗಳ ನಡುವೆ ಕೂತು ಕಾನೂನುಬದ್ಧವಾಗಿ ತುಳಿಯುತ್ತಾನೆ. ಗಿರಾಕಿಗಳನ್ನು ಗೇಟಿನೊಳಗೆ ಬಿಡುವುದಿಲ್ಲ. ಕಾವಲುಗಾರನ ಬಳಿ ಇರುವುದು ಒಂದು ಲಾಠಿ, ಅದಕ್ಕೆ ಸಾಣೆ ಬೇಕಿಲ್ಲ. ಮೊದಮೊದಲು ಕೈ ಸುಮ್ಮನಿರದೆ ಮಾಮ ಮನೆಯ ಚಾಕುವನ್ನೇ ಒಯ್ದು ದಿನವೂ ಸಾಣೆ ಹಿಡಿದ. ಯಾರಾದರೂ ಬಂದಿದ್ದರೇ ಎಂದು ಕೇಳುವುದನ್ನು ಹೆಂಡತಿ ಬಿಟ್ಟುಬಿಟ್ಟಳು. ಒಂದು ಸಂಜೆ ಕಡ್ಡಿಯಷ್ಟು ಸವೆದಿದ್ದ ಚಾಕುವನ್ನು ಕೈಯಲ್ಲಿ ಹಿಡಿದು ನೋಡಿದಳು.

"ಇದನ್ನ ಇಲ್ಲೇ ಬಿಡಿ. ನಾಳೆಯಿಂದ ಚಮಚ ತಗೊಂಡು ಹೋಗಿ."

ಮರುದಿನ ಮಾಮ ಚಮಚವನ್ನೇ ಒಯ್ದ.